ಬಾಟಲಿಯ ಸೊಂಟದಳತೆ

ಟೇಪು ಮಾಸ್ಟರ್ ಕೊರಳಲ್ಲಿ ಅಳತೆಯ ಟೇಪು ಇಲ್ಲದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿದ್ದಿಲ್ಲ. ಅವರ ನಿಜವಾದ ಹೆಸರು ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕೆಲ್ಲ ಕಡೆ ಅವರು ಟೇಪು ಮಾಸ್ಟರೇ. ದುಂಡಗಿರುವ ಯಾವ ವಸ್ತು ಕಂಡರೂ ಅದರ ಸುತ್ತ ಟೇಪು ಹಾಯಿಸಿ, ಒಳಗೆ ಒಂದು ಬೆರಳು ತೂರಿಸಿ, "ಸ್ವಲ್ಪ ಲೂಸ್ ಇರಲಿ" ಎಂದು ಅರ್ಧ ಇಂಚು ಸೇರಿಸುವುದು ಅವರ ಕೈಗೆ ಅಂಟಿದ ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮಾಸ್ಟರ್ ವಿಷಯದಲ್ಲಿ ಅದು ಲೇಸರಿನಿಂದ ಸುಟ್ಟರೂ ಹೋಗಲಿಲ್ಲ ಎಂಬುದೇ ಈ ಕಥೆ.

ಮಾಸ್ಟರ್ ಒಳ್ಳೆಯ ದರ್ಜಿ. ಮುಂದೆ ಬಂದ ಹೊಟ್ಟೆಯನ್ನು ಹಿಂದಕ್ಕೆ ಸರಿಸಿದಂತೆ, ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿದಂತೆ ಕಾಣಿಸುವ ಕೋಟು ಹೊಲಿಯಬಲ್ಲವರು. ಆದರೆ ಜನ ಸಿದ್ಧ ಉಡುಪಿನ ಹಿಂದೆ ಬಿದ್ದ ಮೇಲೆ ಅಂಗಡಿಗೆ ಬರುತ್ತಿದ್ದದ್ದು ಜಿಪ್ಪು ಕೆಟ್ಟ ಪ್ಯಾಂಟುಗಳು ಮಾತ್ರ. "ಜಿಪ್ಪಿನೋರು ಇದಾರಾ?" ಎಂದು ಯಾರೋ ಹೊರಗಿನಿಂದ ಕೂಗಿದ ದಿನ ಮಾಸ್ಟರಿಗೆ ಊಟ ಸೇರಲಿಲ್ಲ. ಊಟ ಸೇರಲಿಲ್ಲವೆಂದರೆ, ಮೂರನೆಯ ಸಲ ಬಡಿಸಿಕೊಳ್ಳಲಿಲ್ಲ ಎಂದು ತಿಳಿಯಬೇಕು. ಅವರ ದೇಹದ ಬಗ್ಗೆ ಓದುಗರಿಗೆ ತಪ್ಪು ಕಲ್ಪನೆ ಬರಬಾರದು. ಆ ಅವಮಾನದ ಬಿಸಿ ಆರುವ ಮುಂಚೆಯೇ ಹೋಗಿ ಲೇಸರ್ ಕೆತ್ತನೆಯ ಯಂತ್ರವೊಂದನ್ನು ಕೊಂಡು ತಂದರು. ಅಂಗಡಿಯ ಮುಂದೆ "ಇಲ್ಲಿ ಕಲಾತ್ಮಕವಾಗಿ ಕೆತ್ತಿಕೊಡಲಾಗುವುದು" ಎಂಬ ಹೊಸ ಬೋರ್ಡು ಬಂತು. ಅದರ ಕೆಳಗೆ ಸಣ್ಣಕ್ಷರದಲ್ಲಿ "ಜಿಪ್ಪು ಸಹ" ಎಂದು ಬರೆಸಿದ್ದು ಅವರ ಹೆಂಡತಿ.

ಚಪ್ಪಟೆಯಾದ ವಸ್ತುಗಳ ಮಟ್ಟಿಗೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಬಾಗಿಲಿನ ಹೆಸರು ಫಲಕ, ಕೀಲಿ ಗೊಂಚಲಿನ ಬಿಲ್ಲೆ, ಹೀಗೆ ಬಂದದ್ದನ್ನೆಲ್ಲ ಮಾಸ್ಟರ್ ಕೆತ್ತಿದರು. ಆಮೇಲೆ ಒಂದು ದಿನ ವಾಯುವಿಹಾರ ಸಂಘದ ಅಧ್ಯಕ್ಷರು ಬಂದರು. ಈ ಅಧ್ಯಕ್ಷರು ದಿನಾ ಬೆಳಗ್ಗೆ ಪಾರ್ಕಿನ ಮೊದಲ ಕಲ್ಲುಬೆಂಚಿನವರೆಗೆ ನಡೆದು, ಅಲ್ಲಿ ಕುಳಿತು, ಉಳಿದವರು ಸರಿಯಾಗಿ ನಡೆಯುತ್ತಾರೋ ಇಲ್ಲವೋ ಎಂದು ನೋಡಿಕೊಳ್ಳುವವರು. ಸಂಘದ ಪ್ರತಿಯೊಬ್ಬ ಸದಸ್ಯನಿಗೂ ಅವನ ಮುಖ ಕೆತ್ತಿದ ನೀರಿನ ಬಾಟಲಿ ಕೊಡಬೇಕೆಂಬುದು ಅವರ ಆಸೆ.

"ಹಿಂದೆ ಒಬ್ಬನ ಹತ್ರ ಮಾಡಿಸಿದ್ವಿ. ಕಾರ್ಯದರ್ಶಿ ಮುಖ ಕೋಸಿನ ಥರ ಬಂತು. ಅವರು ಸಂಘಾನೇ ಬಿಟ್ಟುಹೋದ್ರು" ಎಂದರು ಅಧ್ಯಕ್ಷರು. "ಇನ್ನೊಂದ್ಸಲ ಹಾಗಾದ್ರೆ ನನ್ನ ಕುರ್ಚಿ ಉಳಿಯಲ್ಲ. ನಿಮ್ಮ ಕೈಲಾಗುತ್ತಾ?"

ಆಗುವುದೋ ಇಲ್ಲವೋ ಮಾಸ್ಟರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗಲೇ ಅವರ ಎದೆ ಹೆಚ್ಚು ಉಬ್ಬುತ್ತಿತ್ತು. "ಸಾರ್, ನನ್ನ ಯಂತ್ರ ಸುಳ್ಳು ಹೇಳಲ್ಲ. ಇದ್ದದ್ದನ್ನ ಇದ್ದ ಹಾಗೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ದೆ ಕೆತ್ತುತ್ತೆ" ಎಂದುಬಿಟ್ಟರು. ಬೀದಿಯಲ್ಲಿ ಇದನ್ನು ಕೇಳಿಸಿಕೊಂಡವರು ಹಲವರಿದ್ದರು.

ದುಂಡನೆಯ ವಸ್ತುವಿನ ಮೇಲೆ ಕೆತ್ತಲು ಯಂತ್ರಕ್ಕೆ ರೋಟರಿ ಎಂಬ ಇನ್ನೊಂದು ಅಂಗವನ್ನು ಜೋಡಿಸಬೇಕು. ಅದು ಬಾಟಲಿಯ ತಳವನ್ನು ಹಲ್ಲುಗಳಲ್ಲಿ ಕಚ್ಚಿ ಹಿಡಿದು ನಿಧಾನವಾಗಿ ತಿರುಗಿಸುತ್ತದೆ. ಮೇಲೆ ಲೇಸರಿನ ಮೂತಿ ಉದ್ದಕ್ಕೆ ಓಡಾಡುತ್ತ ಬಾಟಲಿಯ ಕಪ್ಪು ಬಣ್ಣವನ್ನು ಸುಟ್ಟು, ಕೆಳಗಿನ ಸ್ಟೀಲನ್ನು ಬೆಳ್ಳಗೆ ಹೊರಗೆ ತರುತ್ತದೆ. ರೋಟರಿ ಬಂತು. ಮಾಸ್ಟರ್ ವೈರು ಬದಲಾಯಿಸಿದರು. ಬಾಟಲಿಯ ಕುತ್ತಿಗೆ ಜೋತುಬೀಳದಂತೆ ದಾರದ ರೀಲೊಂದನ್ನು ಅದರ ಕೆಳಗೆ ಇಟ್ಟರು. ಕಂಪ್ಯೂಟರಿನಲ್ಲಿ ರೋಟರಿಯ ಪುಟ ತೆರೆದರೆ ಅಲ್ಲಿ ಖಾಲಿ ಚೌಕವೊಂದು ಕುಳಿತು, ವಸ್ತುವಿನ ಡಯಾಮೀಟರ್ ಎಷ್ಟು ಎಂದು ಕೇಳುತ್ತಿತ್ತು.

ಮಾಸ್ಟರ್ ನಕ್ಕರು. ಜೀವಮಾನವಿಡೀ ಅಳತೆ ತೆಗೆದವನನ್ನು ಅಳತೆ ಕೇಳುತ್ತದಲ್ಲ ಎಂದುಕೊಂಡು ಕೊರಳಿನ ಟೇಪು ಇಳಿಸಿದರು. ಬಾಟಲಿಯ ಸೊಂಟಕ್ಕೆ ಸುತ್ತಿದರು. ಬೆರಳು ತೂರಿಸಿದರು. ಅರ್ಧ ಇಂಚು ಸೇರಿಸಿ, ಟೇಪಿನ ಹಿಂಬದಿ ತಿರುಗಿಸಿ ಮಿಲಿಮೀಟರಿನಲ್ಲಿ ಎಷ್ಟಾಯಿತೋ ಅಷ್ಟನ್ನು ಚೌಕದೊಳಗೆ ತುಂಬಿದರು. ಮಾದರಿಗೆಂದು ತಮ್ಮದೇ ಭಾವಚಿತ್ರ ಹಾಕಿ ಗುಂಡಿ ಒತ್ತಿದರು.

ಯಂತ್ರ ನಿಂತಾಗ ಬಾಟಲಿಯ ಮೇಲೆ ಒಬ್ಬ ಮನುಷ್ಯನಿದ್ದ. ಮೀಸೆ ಮಾಸ್ಟರದೇ, ಕನ್ನಡಕವೂ ಅವರದೇ. ಆದರೆ ಮುಖ ಮಾತ್ರ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡವನದಾಗಿತ್ತು. ಗುಂಡಗಿನ ಕೆನ್ನೆಗಳು ಮಾಯವಾಗಿ, ಎರಡು ಕಣ್ಣುಗಳೂ ಮೂಗಿನ ಪಕ್ಕದಲ್ಲೇ ಒತ್ತಿಕೊಂಡು ನಿಂತಿದ್ದವು.

ಹೆಂಡತಿ ಬಂದು ನೋಡಿದಳು. "ಇದ್ಯಾರು?"

"ನಾನೇ ಕಣೇ."

"ಮದುವೆಗೆ ಮುಂಚೇನೂ ಫೋಟೋದಲ್ಲಿ ಹೀಗೇ ತೋರಿಸಿದ್ರು ನಿಮ್ಮ ಮನೆಯೋರು."

"ಬಾಟಲಿ ದುಂಡಗಿದೆಯಲ್ಲ, ಕೆನ್ನೆ ಎರಡೂ ಆಚೆ ಕಡೆ ಹೋಗಿರುತ್ತೆ" ಎಂದರು ಮಾಸ್ಟರ್. ಹೆಂಡತಿ ಬಾಟಲಿಯನ್ನು ತಿರುಗಿಸಿ ಹುಡುಕಿದಳು. ಆಚೆ ಕಡೆ ಕೆನ್ನೆ ಇರಲಿಲ್ಲ. ಆದರೆ ಮಾಸ್ಟರಿಗೆ ನೋಡುತ್ತ ನೋಡುತ್ತ ಅದೇ ಚೆಂದವೆನಿಸತೊಡಗಿತು. ಇಷ್ಟು ವರ್ಷ ಊರವರ ಹೊಟ್ಟೆಗಳನ್ನು ಬಟ್ಟೆಯಲ್ಲಿ ಇಳಿಸಿದವನಿಗೆ ಯಂತ್ರ ಒಂದೇ ಏಟಿಗೆ ಇಳಿಸಿಕೊಟ್ಟರೆ ಬೇಡವೆನ್ನಲು ಮನಸ್ಸು ಬರುವುದಾದರೂ ಹೇಗೆ?

ಅಷ್ಟಕ್ಕೇ ಬಿಟ್ಟಿದ್ದರೆ ಸುಖವಿತ್ತು. ಆದರೆ ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಹಿಂದಿನ ವಾರವಷ್ಟೇ ಫೋನಿನಲ್ಲಿ "ಅಳಿಯಂದ್ರು ಇನ್ನೂ ಜಿಪ್ಪೇನಾ?" ಎಂದು ಕೇಳಿದ್ದರು. ಪಕ್ಕದ ಮನೆಯ ಬಸ್ ಕಂಡಕ್ಟರು ದಿನಾ ಹೋಗುವುದು ಅತ್ತೆಯ ಊರಿನ ದಾರಿಯಲ್ಲೇ. ಮಾಸ್ಟರ್ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟು, "ನನ್ನ ಕೈಕೆಲಸ ಅಂತ ಹೇಳಿ. ಬೇರೇನೂ ಹೇಳ್ಬೇಡಿ, ಅವರೇ ನೋಡ್ಲಿ" ಎಂದರು.

ಅತ್ತೆ ನೋಡಿದರು. ಅವರ ಸೊಸೆಯೂ ನೋಡಿದಳು. ಮಾರನೆಯ ದಿನ ಕಂಡಕ್ಟರು ಬಸ್ಸಿನಿಂದ ಇಳಿದಾಗ ಅವರ ಹಿಂದೆ ಎರಡು ಚೀಲ, ಒಂದು ಹಾಸಿಗೆ ಸುರುಳಿ ಮತ್ತು ಅಳುತ್ತಿರುವ ಅತ್ತೆ ಇಳಿದರು.

"ನನಗೇನೂ ಗೊತ್ತಿಲ್ಲಪ್ಪ" ಎಂದು ಕಂಡಕ್ಟರು ಮೆಲ್ಲಗೆ ಮಾಸ್ಟರ ಕಿವಿಯಲ್ಲಿ ಹೇಳಿದರು. "ಜನ ಕಡ್ಡೀನ ಗುಡ್ಡ ಮಾಡ್ತಾರೆ ಅಂತ ಕೇಳಿದ್ದೆ. ನೀವು ಗುಡ್ಡಾನ ಕಡ್ಡಿ ಮಾಡಿ ಕಳಿಸಿದ್ರಲ್ಲ, ಅಲ್ಲಿ ಮನೆಯೋರೆಲ್ಲ ಊಟ ಬಿಟ್ಟು ಎದ್ದುಬಿಟ್ರು."

ಅತ್ತೆ ಒಳಗೆ ಬಂದವರೇ ಮಗಳ ಕಡೆ ಬೆರಳು ತೋರಿಸಿದರು. "ಏನೇ ಹಾಕ್ತಿದೀಯ ಇವರಿಗೆ? ಹಾಕ್ತಿದೀಯೋ ಇಲ್ವೋ? ನಿನ್ನ ಅತ್ತಿಗೆ ಕೇಳ್ತಾಳೆ, ನಿಮ್ಮ ಮಗಳಿಗೆ ಅನ್ನ ಬೇಯಿಸೋಕೆ ಬರಲ್ವಾ ಅಂತ. ನಾನು ಮುಖ ಎಲ್ಲಿಟ್ಕೊಳ್ಳಿ?"

"ಅಮ್ಮ, ಒಂದ್ಸಲ ಅವರ ಕಡೆ ತಿರುಗಿ ನೋಡು" ಎಂದಳು ಮಗಳು.

ಅತ್ತೆ ತಿರುಗಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ ಕೇಳುತ್ತದೆ. ಮಾಸ್ಟರ್ ತಮ್ಮ ಎಲ್ಲ ಸುತ್ತಳತೆಯೊಂದಿಗೆ ಬಾಗಿಲು ತುಂಬಿ ನಿಂತಿದ್ದರು. ಅತ್ತೆ ಅವರನ್ನು ನೋಡಿದರು, ಬಾಟಲಿಯನ್ನು ನೋಡಿದರು, ಮತ್ತೆ ಅವರನ್ನು ನೋಡಿದರು. ಆಮೇಲೆ ಹತ್ತಿರ ಬಂದು ಅಳಿಯನ ಕೆನ್ನೆಯನ್ನು ಒಂದು ಬೆರಳಿನಿಂದ ಒತ್ತಿದರು.

"ಊತ" ಎಂದರು. "ಎಲ್ಲಾ ಊತ. ಒಳಗೆ ಏನೂ ಇಲ್ಲ."

ಮಾಸ್ಟರ್ ಬಾಯಿ ತೆರೆದರು. ಅತ್ತೆ, ಅದು ಯಂತ್ರದ ತಪ್ಪು, ನನಗೆ ಇನ್ನೂ ಸರಿಯಾಗಿ ಹೊಂದಿಸಲು ಬರುವುದಿಲ್ಲ ಎಂದು ಹೇಳಬೇಕಿತ್ತು. ಹೇಳುತ್ತಲೂ ಇದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷರು ಕಾಣಿಸಿಕೊಂಡರು.

"ಏನ್ ಮಾಸ್ಟ್ರೇ, ಬೀದಿ ತುಂಬ ಒಂದೇ ಮಾತು. ಆರೋಗ್ಯ ಕೆಟ್ಟಿದೆಯಂತೆ? ಇಲ್ಲ, ಯಂತ್ರಾನೇ ಕೆಟ್ಟಿದೆಯಾ? ಎರಡರಲ್ಲಿ ಯಾವುದು ಅಂತ ಹೇಳಿಬಿಡಿ, ಯಂತ್ರ ಕೆಟ್ಟಿದ್ರೆ ಬೇರೆಯವರ ಹತ್ರ ಹೋಗ್ತೀನಿ."

ಅತ್ತ ದರಿ, ಇತ್ತ ಪುಲಿ. ಯಂತ್ರದ ಮಾನ ಉಳಿಯಬೇಕಾದರೆ ದೇಹ ಹೋಗಬೇಕು; ದೇಹ ಉಳಿಯಬೇಕಾದರೆ ಬಾಟಲಿಗಳ ಕೆಲಸ ಹೋಗಿ ಮತ್ತೆ ಜಿಪ್ಪೇ ಗತಿ. ಮಾಸ್ಟರ್ ಒಂದು ಗಳಿಗೆ ಯೋಚಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಮ್ಮಿದರು.

"ಯಂತ್ರ ಸರಿಯಾಗೇ ಇದೆ ಸಾರ್" ಎಂದರು ಕ್ಷೀಣ ದನಿಯಲ್ಲಿ. "ನಾನೇ ಸ್ವಲ್ಪ ಇಳಿದಿದೀನಿ."

ಅಧ್ಯಕ್ಷರು ಅವರ ಹೊಟ್ಟೆಯ ಕಡೆ ನೋಡಿದರು. "ಇಳಿದಿದೀರಾ?"

"ಊತ ಸಾರ್" ಎಂದರು ಅತ್ತೆ. "ಕಣ್ಣಿಗೆ ಕಾಣೋದು ಊತ. ಬಾಟಲೀಲಿ ಕಾಣೋದು ಅಳಿಯಂದ್ರು."

ಅಧ್ಯಕ್ಷರು ಬಾಟಲಿಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿ ತಲೆದೂಗಿದರು. ಒಳಗಿನದನ್ನೇ ತೆಗೆದು ತೋರಿಸುತ್ತದಲ್ಲ, ಎಂಥ ಯಂತ್ರ ಎಂಬ ಬೆರಗು ಅವರ ಮುಖದಲ್ಲಿತ್ತು. "ಗುಣವಾಗಿ, ಆಮೇಲೆ ಹೊಸ ಮಾದರಿ ತೋರಿಸಿ. ಕೆಲಸ ನಿಮಗೇ" ಎಂದು ಹೇಳಿ ಹೋದರು. ಹೀಗೆ ಮಾಸ್ಟರ್ ತಮ್ಮ ಕೈಯಾರೆ ರೋಗಿಯಾದರು.

ರೋಗಿಯಾಗುವುದು ತಾವು ತಿಳಿದಷ್ಟು ಸುಲಭವಲ್ಲವೆಂದು ಅವರಿಗೆ ಗೊತ್ತಾದದ್ದು ಊಟದ ಹೊತ್ತಿಗೆ. ಅತ್ತೆ ಅಡುಗೆಮನೆ ವಹಿಸಿಕೊಂಡರು. ಮಾಸ್ಟರ ತಟ್ಟೆಗೆ ಉಪ್ಪಿಲ್ಲದ ಗಂಜಿ ಬಂತು. ಮಾರನೆಯ ದಿನವೂ ಅದೇ ಬಂತು, ಸ್ವಲ್ಪ ತೆಳ್ಳಗೆ. ನೋಡಲು ಬಂದ ಅಕ್ಕಪಕ್ಕದವರು ಹಣ್ಣು ತಂದರು. ಅತ್ತೆ ಅದನ್ನು ಬಂದವರಿಗೇ ಹೆಚ್ಚಿ ಕೊಟ್ಟರು. ಒಬ್ಬೊಬ್ಬರೂ ಬಾಟಲಿಯನ್ನು ಕೈಗೆತ್ತಿಕೊಂಡು ನಿಟ್ಟುಸಿರು ಬಿಟ್ಟು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ಒಂದು ನೋಟ ಎಸೆದು ಹೋಗುತ್ತಿದ್ದರು. ಆ ನೋಟದಲ್ಲಿ ಏನಿತ್ತೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮೂಲೆಯ ಮನೆಯ ನಿವೃತ್ತ ಮೇಷ್ಟರಂತೂ ನೇರವಾಗಿಯೇ ಕೇಳಿದರು: "ಯಾಕಮ್ಮಾ, ಮನೇಲಿ ಏನಾದ್ರೂ ಮನಸ್ತಾಪಾನಾ? ಜಗಳ ಇರ್ಲಿ, ಆದ್ರೆ ಊಟದ ಮೇಲೆ ತೀರಿಸ್ಕೋಬಾರ್ದು."

ಅವರು ಹೋದ ಮೇಲೆ ಹೆಂಡತಿ ಗಂಡನನ್ನು ಅಂಗಡಿಯ ಹಿಂಬದಿಗೆ ಕರೆದಳು. "ರೀ, ಒಂದು ಮಾತು ಹೇಳಿ. ಮದುವೆಯಾದಾಗಿಂದ ಒಂದು ದಿನ ಆದ್ರೂ ನಿಮ್ಮನ್ನ ಹಸಿದ ಹೊಟ್ಟೇಲಿ ಮಲಗಿಸಿದೀನಾ?"

"ಛೇ, ಇಲ್ಲ ಕಣೇ."

"ಮತ್ತೆ ನಿಮ್ಮ ಬಾಟಲಿಗೋಸ್ಕರ ನಾನು ಗಂಡನ್ನ ಉಪವಾಸ ಕೆಡವಿದೋಳು ಅನ್ನಿಸ್ಕೋಬೇಕಾ? ಆ ಅತ್ತಿಗೆ ಬಾಯಲ್ಲಿ?"

"ಎರಡು ದಿನ ತಡ್ಕೋ. ಯಂತ್ರ ಸರಿ ಮಾಡ್ತೀನಿ. ಕೆಲಸ ಕೈಗೆ ಬರ್ಲಿ, ಆಮೇಲೆ ಎಲ್ರಿಗೂ ನಿಜ ಹೇಳ್ತೀನಿ" ಎಂದರು ಮಾಸ್ಟರ್. ಹೇಳುವಾಗ ಅವರಿಗೆ ತಮ್ಮ ಬಗ್ಗೆಯೇ ನಾಚಿಕೆಯಾಯಿತು. ಜಿಪ್ಪಿನವನು ಎನ್ನಿಸಿಕೊಳ್ಳಬಾರದೆಂದು ಹೊರಟವನು ಹೆಂಡತಿಗೆ ಅದಕ್ಕಿಂತ ಕೆಟ್ಟ ಹೆಸರು ತಂದಿದ್ದ.

ಅಂದಿನಿಂದ ಅತ್ತೆ ಕಣ್ಣು ಮುಚ್ಚಿದಾಗಲೆಲ್ಲ ಮಾಸ್ಟರ್ ಯಂತ್ರದ ಮುಂದೆ ಕೂತರು. ವೇಗ ಇಳಿಸಿದರು: ಬಡಕಲು ಮನುಷ್ಯ ನಿಧಾನವಾಗಿ ಮೂಡಿದ. ಶಾಖ ಏರಿಸಿದರು: ಬಡಕಲು ಮನುಷ್ಯ ಸುಟ್ಟು ಕರಕಲಾದ. ಬಾಟಲಿ ಜಾರುತ್ತಿರಬಹುದೆಂದು ಅದರ ತಳಕ್ಕೆ ರಬ್ಬರ್ ಬ್ಯಾಂಡು ಹಾಕಿದರು, ಲೇಸರಿನ ಮೂತಿಯನ್ನು ಎತ್ತರಿಸಿದರು, ತಗ್ಗಿಸಿದರು. ಅಳತೆಯೊಂದನ್ನು ಮಾತ್ರ ಮುಟ್ಟಲಿಲ್ಲ. ಅಳತೆಯಲ್ಲಿ ತಾವು ತಪ್ಪುವುದು ಸಾಧ್ಯವೇ ಇಲ್ಲವಲ್ಲ! ಒಮ್ಮೆ ಅನುಮಾನ ಬಂದು ಮತ್ತೆ ಸುತ್ತಿ ನೋಡಿದರು, ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಇನ್ನೂ ಸ್ವಲ್ಪ ಲೂಸ್ ಕೊಟ್ಟರೆ ಕೆನ್ನೆಗೆ ಜಾಗವಾಗಬಹುದೆಂದು ಒಂದಿಂಚು ಸೇರಿಸಿದರು. ಮನುಷ್ಯ ಮತ್ತಷ್ಟು ಸೊರಗಿದ. ಆ ಬಾಟಲಿ ಅತ್ತೆಯ ಕೈಗೆ ಸಿಕ್ಕಿತು.

"ಒಂದೇ ದಿನದಲ್ಲಿ ಇಷ್ಟು ಇಳಿದುಬಿಟ್ರಲ್ಲಪ್ಪ!" ಎಂದು ಅವರು ಎದೆ ಬಡಿದುಕೊಂಡ ಸದ್ದಿಗೆ ಕಂಡಕ್ಟರು ಗೋಡೆ ಹಾರಿ ಬಂದರು. ಡಾಕ್ಟರ ಬಳಿಗೆ ಹೋಗದೆ ಬೇರೆ ದಾರಿ ಉಳಿಯಲಿಲ್ಲ.

ಡಾಕ್ಟರು ನಾಡಿ ನೋಡಿ, ಎದೆ ಕೇಳಿ, "ಎಲ್ಲ ಸರಿಯಿದೆ, ಸ್ವಲ್ಪ ತೂಕ ಇಳಿಸಿ" ಎಂದರು. ಅತ್ತೆ ಎರಡು ಬಾಟಲಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಡಾಕ್ಟರು ಅವುಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಸ್ಕ್ಯಾನಿಂಗಿಗೆ ಚೀಟಿ ಬರೆದರು.

ಸ್ಕ್ಯಾನಿಂಗ್ ಕೇಂದ್ರದಲ್ಲಿ ಒಂದು ಬಿಳಿಯ ದೊಡ್ಡ ಯಂತ್ರ, ಅದರ ನಡುವೆ ದುಂಡನೆಯ ಬಾಯಿ. ರೋಗಿಯನ್ನು ಮಂಚದ ಮೇಲೆ ಮಲಗಿಸಿ ಆ ಬಾಯೊಳಗೆ ತೂರಿಸಬೇಕು. ಮಾಸ್ಟರ್ ಅಂಗಿ ಬಿಚ್ಚಿ ಟೇಪನ್ನು ಮಾತ್ರ ಉಳಿಸಿಕೊಂಡು ನಿಂತರು. ಅವರಿಗೆ ಆ ಬಾಯಿಯ ಮೇಲೆ ನಂಬಿಕೆ ಬರಲಿಲ್ಲ. ಟೇಪು ಇಳಿಸಿ ಅದರ ಅಗಲ ಹಿಡಿದರು: ಇಪ್ಪತ್ತೆಂಟು ಇಂಚು. ತಮ್ಮ ಸೊಂಟಕ್ಕೆ ಸುತ್ತಿದರು: ನಲವತ್ತನಾಲ್ಕು.

"ಆಗಲ್ಲಮ್ಮ" ಎಂದರು ಯಂತ್ರ ನಡೆಸುವ ಹೆಂಗಸಿಗೆ. "ನಾನು ಹಿಡಿಸಲ್ಲ."

"ಹಿಡಿಸ್ತೀರಿ ಸಾರ್, ಮಲಗಿ."

"ಅಳತೆ ವಿಷಯ ನನಗೆ ಹೇಳ್ಬೇಡಿ. ನಲವತ್ತನಾಲ್ಕರ ಸೊಂಟ ಇಪ್ಪತ್ತೆಂಟರ ಪ್ಯಾಂಟಿಗೆ ಹೋಗುತ್ತಾ? ಹೊಲಿಗೆ ಬಿಟ್ಕೊಳ್ಳುತ್ತೆ. ಇದರಲ್ಲಿ ಬಿಚ್ಚೋಕೆ ಹೊಲಿಗೇನೂ ಇಲ್ಲ."

ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸಾರ್, ನಿಮ್ಮದು ಸುತ್ತಳತೆ. ಇದರದು ಡಯಾಮೀಟರ್. ಈ ಕಡೆಯಿಂದ ಆ ಕಡೆಗೆ ಅಡ್ಡ. ನೀವು ಅಡ್ಡಕ್ಕೆ ನಲವತ್ತನಾಲ್ಕು ಇದ್ದಿದ್ರೆ ನಮ್ಮ ಬಾಗಿಲಲ್ಲೇ ಬರ್ತಿರ್ಲಿಲ್ಲ."

ಮಾಸ್ಟರ್ ಮಲಗಿದರು. ಮಂಚ ಸರಿದು ಅವರು ಬಾಯೊಳಗೆ ಹೋದರು; ಆಚೀಚೆ ಜಾಗ ಮಿಕ್ಕಿತು. ಆ ಮಿಕ್ಕ ಜಾಗವನ್ನು ನೋಡುತ್ತ ಮಲಗಿದ್ದವರಿಗೆ ಒಮ್ಮೆಲೇ ಎಲ್ಲವೂ ತಿಳಿಯಿತು. ಬಾಟಲಿಯ ಅಡ್ಡಗಲ ಕೇಳಿದ ಚೌಕಕ್ಕೆ ತಾವು ಸೊಂಟದ ಸುತ್ತು ತುಂಬಿದ್ದರು. ಬಾಟಲಿ ಇರುವುದಕ್ಕಿಂತ ಮೂರು ಪಟ್ಟು ದಪ್ಪ ಎಂದು ನಂಬಿದ ಪಾಪದ ಯಂತ್ರ ಅದನ್ನು ಮೂರರಲ್ಲೊಂದು ಪಾಲು ಮಾತ್ರ ತಿರುಗಿಸಿ, ಇಡೀ ಮಾಸ್ಟರನ್ನು ಅಷ್ಟರಲ್ಲೇ ಮಡಿಸಿ ತುಂಬಿತ್ತು.

"ಅಯ್ಯೋ ದಡ್ಡ ಶಿಖಾಮಣಿ!" ಎಂದು ಯಂತ್ರದೊಳಗಿನಿಂದ ಕೂಗು ಬಂತು. ಆಮೇಲೆ ನಗು ಬಂತು.

"ಅಲ್ಲಾಡ್ಬೇಡಿ ಸಾರ್!" ಎಂದು ಆಕೆ ಕಿರುಚಿದಳು. ಹೊರಗೆ ಕುಳಿತಿದ್ದ ಅತ್ತೆ ಕಂಡಕ್ಟರಿಗೆ, "ತಲೆಗೂ ಏರಿತು" ಎಂದರು.

ಮನೆಗೆ ಬಂದವರೇ ಮಾಸ್ಟರ್ ಹೊಸ ಬಾಟಲಿಯೊಂದನ್ನು ತಲೆಕೆಳಗಾಗಿ ನಿಲ್ಲಿಸಿ, ತಳದ ಈ ಅಂಚಿನಿಂದ ಆ ಅಂಚಿಗೆ ಟೇಪನ್ನು ನೆಟ್ಟಗೆ ಎಳೆದರು. ಬೆರಳು ತೂರಿಸಲು ಹೋದ ಕೈಯನ್ನು ಇನ್ನೊಂದು ಕೈಯಿಂದ ಹೊಡೆದರು. ಬಂದ ಅಳತೆಯನ್ನು ಚೌಕಕ್ಕೆ ಹಾಕಿ, ಲೇಸರಿನಿಂದ ಕಣ್ಣು ಕಾಯುವ ಹಸಿರು ಕನ್ನಡಕ ಏರಿಸಿ, ಗುಂಡಿ ಒತ್ತಿದರು. ಬಾಟಲಿ ಈ ಸಲ ಉದಾರವಾಗಿ ತಿರುಗಿತು. ಕೆನ್ನೆ ಬಂತು, ಗಲ್ಲ ಬಂತು, ಗಲ್ಲದ ಕೆಳಗಿನ ಎರಡನೆಯ ಗಲ್ಲವೂ ಬಂತು. ಅಧ್ಯಕ್ಷರಿಗೆ ಹೇಳಿಕಳಿಸಿದರು. ಅವರು ಬಂದು ನೋಡಿ, "ಆಹಾ! ಇದು ಮುಖ ಅಂದ್ರೆ!" ಎಂದರು.

ಮಾಸ್ಟರಿಗೆ ತಮ್ಮ ಕಷ್ಟವೆಲ್ಲ ಕಳೆಯಿತೆನಿಸಿತು. ಅದು ಇನ್ನೂ ಪೂರ್ತಿ ಬಂದಿರಲಿಲ್ಲ. ಅತ್ತೆ ಬಾಟಲಿಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದು, ಗಟ್ಟಿಯಾಗಿ ಉಸಿರುಬಿಟ್ಟರು.

"ನೋಡ್ದ್ಯೇನೇ?" ಎಂದರು ಮಗಳಿಗೆ, ಎಲ್ಲರೆದುರಿಗೆ. "ಇಷ್ಟು ವರ್ಷ ನಿನ್ನ ಕೈಲಾಗದ್ದು ನನ್ನ ನಾಲ್ಕು ದಿನದ ಗಂಜೀಲಿ ಆಯ್ತು. ಮುಖ ಹೇಗೆ ತುಂಬ್ಕೊಂಡಿದೆ! ಈಗಲೇ ನಿನ್ನ ಅತ್ತಿಗೆಗೆ ಫೋನು ಮಾಡ್ತೀನಿ. ಇನ್ನಾದ್ರೂ ಗಂಡನ್ನ ನೋಡ್ಕೊಳ್ಳೋದು ಕಲಿ."

ಹೆಂಡತಿ ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಗೋಡೆಯ ಕಡೆ ತಿರುಗಿದಳು. ಅವಳ ಕಣ್ಣು ತುಂಬಿದ್ದು ಮಾಸ್ಟರಿಗೆ ಕಾಣಿಸಿತು. ಬಾಟಲಿಗಳ ಕೆಲಸ ಇನ್ನೇನು ಕೈಗೆ ಬಂದಿತ್ತು. ಒಂದು ಮಾತೂ ಆಡದೆ ಸುಮ್ಮನಿದ್ದರೆ ಸಾಕಿತ್ತು.

"ಅತ್ತೆ, ಫೋನು ಇಡಿ" ಎಂದರು ಮಾಸ್ಟರ್. "ಸಾರ್, ನೀವೂ ಕೇಳಿ. ನನಗೆ ಯಾವ ರೋಗಾನೂ ಇರ್ಲಿಲ್ಲ. ಈಗ ಯಾವುದೂ ಗುಣವಾಗೂ ಇಲ್ಲ. ಅಡ್ಡಗಲ ಕೇಳಿದ ಕಡೆ ಸುತ್ತಳತೆ ಹಾಕಿದ್ದೆ. ಯಂತ್ರದ್ದಲ್ಲ, ಅಳತೆ ತೆಗೆದ ನನ್ನದೇ ತಪ್ಪು. ಕೆಲಸ ತಪ್ಪಿಹೋಗುತ್ತೆ ಅಂತ ರೋಗಿ ಥರ ಕೆಮ್ಮಿದೆ. ಇವಳು ನನಗೆ ಯಾವತ್ತೂ ಕಡಿಮೆ ಮಾಡಿಲ್ಲ. ನಾನು ದಡ್ಡ, ಅಷ್ಟೇ."

ಅತ್ತೆಯ ಕಣ್ಣಲ್ಲಿ ನೀರು ಬಂತು.

"ಎಂಥಾ ದೊಡ್ಡ ಗುಣ ನೋಡಿ!" ಎಂದರು ಅಧ್ಯಕ್ಷರ ಕಡೆ ತಿರುಗಿ. "ಹೆಂಡತಿ ಮಾನ ಮುಚ್ಚೋಕೆ ಎಲ್ಲಾ ತನ್ನ ಮೇಲೆ ಹಾಕ್ಕೊಳ್ತಿದಾರೆ."

"ಅದು ಗೊತ್ತಾಗುತ್ತೆ ಬಿಡಿ" ಎಂದರು ಅಧ್ಯಕ್ಷರು. "ತಾನು ದಡ್ಡ ಅಂತ ಯಾರಾದ್ರೂ ತಾನಾಗೇ ಒಪ್ಕೊಳ್ತಾರಾ? ನಾನು ಇಷ್ಟು ವರ್ಷ ಸಂಘ ನಡೆಸಿದೀನಿ, ಒಬ್ರನ್ನೂ ನೋಡಿಲ್ಲ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆಂದು ಮಾಸ್ಟರ್ ಕೇಳಿದ್ದರು. ಅದನ್ನು ಹೊಗಳಿ ಬೆನ್ನು ತಟ್ಟಿದರೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳಿರಲಿಲ್ಲ. ಅವರು ಅಸಹಾಯಕರಾಗಿ ಹೆಂಡತಿಯ ಕಡೆ ನೋಡಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು.

"ರೀ, ಅಮ್ಮಂದು ಒಂದು ಫೋಟೋ ತೆಗೀರಿ. ಮೊದಲು ಹಾಕಿದ್ದ ಅಳತೇನೇ ಹಾಕಿ ಕೆತ್ತಿ. ಎಲ್ರೂ ಕಣ್ಣಾರೆ ನೋಡ್ಲಿ."

ಅತ್ತೆ ಮುಂಗುರುಳು ಸರಿಮಾಡಿಕೊಂಡು ಕುಳಿತರು. ಫೋಟೋ ತೆಗೆದದ್ದಾಯಿತು. ಮಾಸ್ಟರ್ ಬಾಟಲಿಯ ಸುತ್ತ ಟೇಪು ಹಾಯಿಸಿ, ಎಲ್ಲರಿಗೂ ತೋರಿಸಿ, ಅದೇ ತಪ್ಪನ್ನು ಈ ಸಲ ಬೇಕೆಂದೇ ತುಂಬಿದರು. ಯಂತ್ರ ಓಡಿತು. ಬಣ್ಣ ಸುಡುವ ವಾಸನೆಯಲ್ಲಿ ಎಲ್ಲರೂ ಉಸಿರು ಹಿಡಿದು ಕಾದರು. ತುಂಬು ಮುಖದ, ಅಗಲ ಹಣೆಯ ಅತ್ತೆ ಬಾಟಲಿಯ ಮೇಲೆ ಪೆನ್ಸಿಲಿನಂತೆ ನಿಂತಿದ್ದರು.

ಅತ್ತೆ ಅದನ್ನು ಹತ್ತಿರ ಹಿಡಿದರು. ದೂರ ಹಿಡಿದರು. "ಇದು ನಾನಾ?"

"ನೀನೇ ಅಮ್ಮ. ಈಗ ಗೊತ್ತಾಯ್ತಲ್ಲ?"

"ಗೊತ್ತಾಯ್ತು" ಎಂದು ಅತ್ತೆ ಸಣ್ಣ ದನಿಯಲ್ಲಿ ಹೇಳಿ ಸ್ಟೂಲಿನ ಮೇಲೆ ಕುಳಿತರು. ಮಾಸ್ಟರ್ ನೆಮ್ಮದಿಯ ಉಸಿರು ಬಿಟ್ಟರು. ಅತ್ತೆ ಒಂದು ಕೈಯಿಂದ ತಮ್ಮ ಕೆನ್ನೆಯನ್ನು ಮುಟ್ಟಿ ನೋಡಿಕೊಂಡರು. ಇನ್ನೊಂದು ಸಲ ಒತ್ತಿ ನೋಡಿಕೊಂಡರು.

"ನಾಲ್ಕು ದಿನ ಒಂದೇ ಮನೇಲಿದ್ದಿದ್ದಕ್ಕೆ ನನಗೂ ಅಂಟ್ಕೊಂಡುಬಿಡ್ತಲ್ಲೇ!"

ಅಧ್ಯಕ್ಷರು ಕುಳಿತಲ್ಲಿಂದ ಹೇಗೆ ಬಾಗಿಲು ಸೇರಿದರೋ ಯಾರಿಗೂ ಕಾಣಲಿಲ್ಲ. ಪಾರ್ಕಿನಲ್ಲಿ ಅವರು ಎಂದೂ ಅಷ್ಟು ಚುರುಕಾಗಿ ನಡೆದಿರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಬೀದಿಯಿಂದಲೇ ಕೂಗಿದರು: "ಮಾಸ್ಟ್ರೇ, ಕೆಲಸ ನಿಮ್ಮದೇ! ಆದ್ರೆ ಬಾಟಲಿ ಮೇಲೆ ಬರೀ ಹೆಸರು ಸಾಕು! ಮುಖ ಯಾರದೂ ಬೇಡ! ನನ್ನ ಫೋಟೋ ಇದ್ರೆ ಅಳಿಸಿಬಿಡಿ!"

ಅತ್ತೆ ಆಗಲೇ ಹಾಸಿಗೆ ಸುತ್ತುತ್ತಿದ್ದರು. ಸುತ್ತುತ್ತ ಸುತ್ತುತ್ತ ಮಗಳ ಕಡೆ ತಿರುಗಿದರು. ಅವರ ದನಿ ಇಳಿದಿತ್ತು. "ನಿನ್ನನ್ನ ಸುಮ್ಸುಮ್ನೆ ಅಂದುಬಿಟ್ಟೆ ಕಣೇ. ಅಂಟುರೋಗಕ್ಕೆ ಪಾಪ ನೀನೇನ್ಮಾಡ್ತೀಯ? ನಾನೇ ಮಾಡ್ಕೊಂಡು ನಾನೇ ತಿಂದು ಹೀಗಾದೆ ಅಂದ್ಮೇಲೆ, ನಿನ್ನ ಅಡುಗೇಲಿ ಏನು ತಪ್ಪು? ಊರಿಗೆ ಹೋಗಿ ನಿನ್ನ ಅತ್ತಿಗೆ ಮುಂದೆ ಬಾಯ್ಬಿಟ್ಟು ಹೇಳ್ತೀನಿ. ನನ್ನ ಮಗಳ ಕೈಯಲ್ಲಿ ಏನೂ ದೋಷ ಇಲ್ಲ ಅಂತ."

ಹೆಂಡತಿಯ ಮುಖ ಅರಳಿತು. ಅವಳ ತಾಯಿಯ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲು.

"ಅತ್ತೆ, ಅದು ರೋಗ ಅಲ್ಲ, ಡಯಾ..." ಎಂದು ಮಾಸ್ಟರ್ ಶುರುಮಾಡಿದರು. ಹೆಂಡತಿ ಅವರ ಕಾಲನ್ನು ಬಲವಾಗಿ ತುಳಿದಳು.

ಕಂಡಕ್ಟರು ಒಂದು ಮಾರು ದೂರದಿಂದಲೇ ಚೀಲಗಳನ್ನು ಎತ್ತಿಕೊಂಡು ಅತ್ತೆಯನ್ನು ಬಸ್ಸಿಗೆ ಹತ್ತಿಸಿದರು. ಗಂಡ ಹೆಂಡತಿ ಅಂಗಡಿಗೆ ಮರಳಿದಾಗ ಒಳಗೆ ಯಾರೂ ಇರಲಿಲ್ಲ. ಮಾಸ್ಟರ್ ಒಂದು ಕಾಲೂರಿ ಕುಂಟುತ್ತ ಬಂದು ಕುಳಿತರು. ಜೀವನದಲ್ಲಿ ಅಪರೂಪಕ್ಕೆ ಧೈರ್ಯ ಮಾಡಿ ಹೇಳಿದ ನಿಜವನ್ನು ಒಬ್ಬರೂ ನಂಬದೇ ಹೋದದ್ದು ಅವರ ಮನಸ್ಸಿಗೆ ಚುಚ್ಚುತ್ತಿತ್ತು.

"ನಿನಗೋಸ್ಕರ ಕಣೇ ನಾನು ಹೇಳಿದ್ದು" ಎಂದರು. "ಆ ಅಧ್ಯಕ್ಷರ ಮುಂದೆ, ಕೆಲಸ ಹೋದ್ರೂ ಹೋಗ್ಲಿ ಅಂತ."

"ಗೊತ್ತು" ಎಂದಳು ಹೆಂಡತಿ, ತಟ್ಟೆ ಹಾಕುತ್ತ. "ನಾನು ಕೇಳಿಸ್ಕೊಂಡೆ, ನಂಬಿದೆ. ಅಷ್ಟು ಸಾಕು. ಇನ್ನು ಅದನ್ನ ಬೇರೆ ಯಾರಿಗೂ ಹೇಳೋಕೆ ಹೋಗ್ಬೇಡಿ."